ಒಡಕು ದನಿ

"ಏಯ್ ದೇಶದ್ರೋಹಿ ಮುಂಡೆ, ಬಾವುಟ ಮುಟ್ಬೇಡ! ಏಳೇ ಮೇಲೆ!"

ಸೂಪರ್‌ವೈಸರ್ ಮಹದೇವ್ ಅರ್ಧ ಹೊಲಿದ ಬಾವುಟವನ್ನು ಸುವರ್ಣಾಳ ಕೈಯಿಂದ ಕಿತ್ತುಕೊಂಡ. ಆಗಸ್ಟ್ ಹದಿನೈದರ ಆರ್ಡರು ಬಂದಾಗಿನಿಂದ ಕಾಮಾಕ್ಷಿಪಾಳ್ಯದ ಆ ಗಾರ್ಮೆಂಟ್ಸಿನಲ್ಲಿ ಕಕ್ಕಸಿಗೆ ಬೀಗ. ತಡೆದುಕೊಂಡೇ ಹೊಲಿಯುತ್ತಿದ್ದ ಬಸುರಿ ಶೋಭಾರಾಣಿ ಮಷೀನಿನ ಮೇಲೆ ಕುಸಿದು ಬಿದ್ದ ಸಂಜೆ, ಸುವರ್ಣಾ ಗೇಟಿನಲ್ಲಿ ನಿಂತು ಪದ ಎತ್ತಿದ್ದಳು. ಕುಷ್ಟಗಿ ಕಡೆಯ ಬೀಸುವ ಪದದ ಧಾಟಿ, ಮಾತು ಅವಳದೇ.

ಬಾವುಟ ಹೊಲಿಯಾಕಿ ಸೀರಿ ಹರದೈತಿ ನೋಡವ್ವ...

ಬೀಸುವ ಕಲ್ಲಿಗೆ ಕೂತಾಗ ಒಬ್ಬಳು ಪದ ಎತ್ತಿದರೆ ಎದುರಿನವಳು ಸೊಲ್ಲು ಹಿಡಿಯಲೇಬೇಕು. ಅವತ್ತು ಒಂದು ಒಡಕು ದನಿ ಹಿಡಿದಿತ್ತು: ನಾವೂ ಈ ದೇಶದವರ ನೋಡವ್ವ. ಯಾರೋ ತೆಗೆದು ಹರಿಯಬಿಟ್ಟ ವಿಡಿಯೋದಲ್ಲಿ ಸುವರ್ಣಾಳ ಮುಖವಿತ್ತು. ಎರಡನೆಯ ದನಿಗೆ ಮುಖವಿರಲಿಲ್ಲ.

"ಜೊತೆಗೆ ಹಾಡಿದ್ಯಾರೇ? ಹೆಸರು ಹೇಳು, ನಿನ್ ಕೆಲ್ಸ ಉಳಿಯುತ್ತೆ. ಇಲ್ಲಾಂದ್ರೆ ಕೆಳಗೆ ಪೊಲೀಸ್ ಜೀಪ್ ನಿಂತಿದೆ."

"ಗೊತ್ತಿಲ್ರೀ ಸರ." ಸುವರ್ಣಾ ಎದ್ದು ನಿಂತು ಅಂದಳು.

"ಸರಿ ಬಿಡು. ಸ್ಕೂಲಲ್ಲಿ ಕಲ್ತಿರೋ ದೇಶಭಕ್ತಿ ಹಾಡು, ಒಬ್ಬೊಬ್ರೇ ಎದ್ದು ಒಂದೊಂದು ಸಾಲು ಹಾಡ್ರೇ. ಆ ದನಿ ನಾನೇ ಹಿಡೀತೀನಿ."

ಮಷೀನುಗಳು ನಿಂತವು. ಅವನು ಒಂದು ಕಿವಿಗೆ ಆ ವಿಡಿಯೋ ಹಾಕಿದ ಮೊಬೈಲು ಹಿಡಿದು, ಇನ್ನೊಂದು ಕಿವಿಯನ್ನು ಹೆಂಗಸರ ಬಾಯಿಗೆ ಕೊಟ್ಟು ಸಾಲಿನುದ್ದಕ್ಕೂ ನಡೆದ. ಮೇಷ್ಟರ ಮುಂದೆ ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಅವರು ಒಬ್ಬೊಬ್ಬರೇ ಹಾಡಿ ಕೂತರು. ಕೊನೆಗೆ ಅಂಜನಮ್ಮನ ಸರದಿ. ಬಟ್ಟೆಯ ಧೂಳು ಕುಡಿದೂ ಕುಡಿದೂ ಒಡೆದ ಗಂಟಲು. ಅದನ್ನು ಸೆರಗಿನಲ್ಲಿ ಮುಚ್ಚಿಡಲಾಗುವುದಿಲ್ಲ. ಮುದುಕಿ ಕೂತಲ್ಲೇ ಬಾಯಿ ತೆರೆದಳು. ಸದ್ದು ಬರಲಿಲ್ಲ.

"ಯಾಕಜ್ಜಿ, ದೇಶ ಅಂದ್ರೆ ಗಂಟಲು ಕಟ್ತದಾ? ಹಾಡೇ!"

"ಬಾವುಟ ಹೊಲಿಯಾಕಿ..."

ಎತ್ತಿದ್ದು ತಾನೇ ಎಂದು ಸುವರ್ಣಾಳಿಗೆ ಗೊತ್ತಾಗುವಷ್ಟರಲ್ಲಿ ಸಾಲು ಮುಗಿದಿತ್ತು. ಯಾರೂ ಸೊಲ್ಲು ಹಿಡಿಯಲಿಲ್ಲ. ಜೀಪಿಗಿಂತ ಆ ಮೌನಕ್ಕೇ ಅವಳ ಜೀವ ಹೆದರಿತು. ಮಹದೇವನ ಕೈ ಅವಳ ಜಡೆಗೆ ಬಿತ್ತು.

"ನಾವೂ ಈ ದೇಶದವರ ನೋಡವ್ವ."

ಒಡಕು ದನಿ. ಆದರೆ ಅಂಜನಮ್ಮನದಲ್ಲ. ಹಿಂದಿನ ಸಾಲಿನ ಧನ್ಯಶ್ರೀ ಬೇಕೆಂದೇ ಗಂಟಲು ಒಡೆದುಕೊಂಡು ಹಾಡುತ್ತಿದ್ದಳು. ಅವಳ ಪಕ್ಕದವಳೂ ಒಡೆದುಕೊಂಡಳು. ಆಮೇಲೆ ಇಡೀ ಸಾಲು.

"ಯಾರೇ ಅದು? ಯಾರೇ?" ಮಹದೇವ್ ಜಡೆ ಬಿಟ್ಟು, ಮೊಬೈಲು ಹಿಡಿದು ನಿಂತಲ್ಲೇ ಸುತ್ತತೊಡಗಿದ.

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಅಂಜನಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ನಿಂತಳು.

ಸುವರ್ಣಾ ಮೆಟ್ಟಿಲ ಕಡೆ ತಿರುಗಿದಳು. ಅವಳು ಪದದ ಎರಡನೆಯ ನುಡಿ ಎತ್ತಿದಳು.