ಡೊಳ್ಳು ಸೌತೆಯ ವರ್ಷ

ಆಲಿಕಲ್ಲಿನ ಮಳೆ ಸುರಿದು ಸರಿದುಹೋದ ಮರುದಿನದ ಮುಂಜಾವಿಗೆ ಅದೆಂತಹ ನೈರ್ಮಲ್ಯ, ಸಹೃದಯರೇ! ಹಿಂದಿನ ಸಂಜೆ ಅಷ್ಟೆಲ್ಲ ರಂಪ ಮಾಡಿದ ಆಕಾಶ, ತಾನೇನೂ ಅರಿಯೆನೆಂಬ ಮುಖಭಾವದಿಂದ, ತೊಳೆದಿಟ್ಟ ನೀಲಿಮೆಯನ್ನು ಹೊದ್ದು ನಿಂತಿತ್ತು. ಗಿಡಗಂಟಿಗಳ ತುದಿಯಲ್ಲಿ ತೂಗುತ್ತಿದ್ದ ಜಲಬಿಂದುಗಳು ಬೀಳಲೋ ಬೇಡವೋ ಎಂಬ ಸಂದಿಗ್ಧದಲ್ಲಿದ್ದವು... ಊರಿನ ಅಂಚಿನಲ್ಲಿ, ಮಾರುಕಟ್ಟೆಗೆ ಹೋಗುವ ದಾರಿಯ ಮಗ್ಗುಲಲ್ಲಿ, ತಲೆಮಾರುಗಳಿಂದ ಬೆಳಕನ್ನು ಕುಡಿದು ಬದುಕಿದ್ದ ಆ ಹಳೆಯ ಗಾಜಿನ ಮನೆ ಮಾತ್ರ ಮೈಯೆಲ್ಲ ಗಾಯ ಮಾಡಿಕೊಂಡು ನಿಂತಿತ್ತು. ಗಾಜು ಉಳಿದಿದ್ದ ಕಡೆ ಬೆಳಕು ಹಸಿರಾಗಿ, ಮೆತ್ತಗೆ, ಎಲೆಯಿಂದ ಎಲೆಗೆ ಇಳಿದು ಬರುತ್ತಿತ್ತು. ಗಾಜು ಒಡೆದಿದ್ದ ಕಡೆ ಕರೆಯದೆ ಬಂದ ನೆಂಟನಂತೆ ನೇರವಾಗಿ ಒಳಗೇ ನುಗ್ಗುತ್ತಿತ್ತು.

ಒಳಗೆ ಸಾಲುಸಾಲಾಗಿ ಸೌತೆಬಳ್ಳಿಗಳು. ಮೇಲಿನ ತಂತಿಯಿಂದ ಇಳಿಬಿಟ್ಟ ಒಂದೊಂದು ದಾರಕ್ಕೆ ಒಂದೊಂದು ಬಳ್ಳಿ. ಎಲೆಗಳ ಮರೆಯಲ್ಲಿ, ಸೂತ್ರ ಹಿಡಿದು ಎಳೆದಷ್ಟು ನೇರವಾಗಿ ತೂಗುವ ನಸುಹಸಿರು ಕಾಯಿಗಳು. ಅವುಗಳ ನಡುವೆ ಆಕೆ. ಕಿವಿಯ ಬಳಿಯ ಕೂದಲಿಗೆ ಬೆಳ್ಳಿಯ ಛಾಯೆ ಬಂದಿತ್ತು, ಬೆರಳುಗಳಿಗೆ ಬಳ್ಳಿಯ ಹಸಿರು ಕಲೆ ಎಂದೋ ಶಾಶ್ವತವಾಗಿತ್ತು. ಮದುವೆಯಾಗದ ಮಗಳಾಗಿ ಅಪ್ಪನಿಂದ ಈ ಗಾಜಿನ ಮನೆಯನ್ನು ಪಡೆದವಳು. ಊರಿಗೆಲ್ಲ ಅವಳು ‘ಸೌತೆಕ್ಕ’. ಅವಳ ಕಾಯಿಗೆ ಸೊಂಟ ಸಣ್ಣಗಾಗುವುದಿಲ್ಲ, ತುದಿ ಡೊಂಕಾಗುವುದಿಲ್ಲ, ಕಹಿಯಂತೂ ಇಲ್ಲವೇ ಇಲ್ಲ ಎಂದು ಮಾರುಕಟ್ಟೆಯೇ ಸಾಕ್ಷಿ ಹೇಳುತ್ತಿತ್ತು. ಗುಟ್ಟೇನೂ ಇರಲಿಲ್ಲ. ನೀರನ್ನು ಒಂದು ದಿನ ಹೊಳೆ, ಒಂದು ದಿನ ಬರ ಎನ್ನುವಂತೆ ಕೊಡಬಾರದು. ಬುಡದ ಮೊದಲ ಹೀಚುಗಳನ್ನು ಕಿತ್ತೆಸೆದು ಬಳ್ಳಿಗೆ ಮೊದಲು ಮೈಕಟ್ಟು ಬರಲು ಬಿಡಬೇಕು. ಪಕ್ಕದ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟಬೇಕು. ಮಕ್ಕಳನ್ನು ಬೆಳೆಸಿದ ಹಾಗೇ ಎಂದು ಅವಳೂ ಹೇಳುತ್ತಿದ್ದಳು, ಹೇಳಿ ಸುಮ್ಮನಾಗುತ್ತಿದ್ದಳು.

ಅತ್ತಿಗೆ ಒಡೆದ ಚೂರುಗಳನ್ನು ಪೊರಕೆಯಿಂದ ಗುಡ್ಡೆ ಮಾಡುತ್ತಲೇ ಹೇಳಿದಳು: “ನಿಮ್ಮಣ್ಣ ಗಾಜಿನವರಿಗೆ ಹೇಳಿ ಕಳಿಸಿದ್ದಾರೆ.”

“ಯಾವ ಗಾಜಿನವರು?”

“ಇನ್ಯಾವ ಗಾಜಿನವರು ಕಣೇ. ಈ ಹಳೇ ಚೌಕಟ್ಟಿಗೆ ಅಳತೆ ಕೂರಿಸೋದು ಬೇರೆ ಯಾರಿಗೆ ಬರುತ್ತೆ? ಇದೇ ಕೊನೇ ಕೆಲಸವಂತೆ. ಮುಗಿಸಿಕೊಂಡು ಮಗಳ ಊರಿಗೆ ಹೋಗಿಬಿಡ್ತಾರಂತೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಅಲ್ವಾ.”

ಪಕ್ಕದ ಚಿಗುರನ್ನು ಚಿವುಟಬೇಕಿದ್ದ ಬೆರಳು ಬಳ್ಳಿಯ ನೆತ್ತಿಯನ್ನೇ ಚಿವುಟಿಬಿಟ್ಟಿತು. ಬಳ್ಳಿ ಕಟ್ಟುವವರಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಅತ್ತಿಗೆ ಅದನ್ನು ನೋಡಿದಳು, ಪೊರಕೆಯನ್ನು ಗೋಡೆಗೊರಗಿಸಿದಳು.

“ಈ ಸಲನಾದ್ರೂ ಬಾಯಿ ಬಿಡ್ತೀಯೋ, ಇಲ್ಲ ಮತ್ತೆ ಸೌತೆಕಾಯೇ ಮಾತಾಡಬೇಕೋ?”

ಆ ಮಾತಿನ ಮರ್ಮ ತಿಳಿಯಬೇಕಾದರೆ, ಸಹೃದಯರೇ, ಕಾಲದ ತೆರೆಯನ್ನು ಕೊಂಚ ಸರಿಸಬೇಕು... ಅಪ್ಪ ಬದುಕಿದ್ದ ಕಾಲ, ಆಕೆಯ ಜಡೆ ಸೊಂಟ ದಾಟಿದ್ದ ಕಾಲ. ಆ ವರ್ಷವೂ ಆಲಿಕಲ್ಲು ಬಿದ್ದಿತ್ತು, ಆ ವರ್ಷವೂ ಗಾಜು ಕೂರಿಸಲು ಒಬ್ಬ ತರುಣ ಬಂದಿದ್ದ. ಮಾಡಿನ ಹಲಗೆಯ ಮೇಲೆ ಮಂಡಿಯೂರಿ, ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ಗಾಜು ಅಂಟಿಸುವ ಪುಟ್ಟಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಅವನು ಸರಿಯುವಾಗ, ಅವನ ನೆರಳು ಬಳ್ಳಿಗಳ ಮೇಲೆ, ಬಳ್ಳಿ ಕಟ್ಟುವವಳ ಕೈಯ ಮೇಲೆ ಹಾದುಹೋಗುತ್ತಿತ್ತು. ಗಾಜು ಅದುವರೆಗೆ ಅವಳಿಗೆ ಬರೀ ಗಾಜಾಗಿತ್ತು! ಅವನ ಮುಖ ಕಾಣಬೇಕಾದರೆ ಬಾಗಿಲಲ್ಲಿ ನಿಂತು ಕತ್ತೆತ್ತಬೇಕಿತ್ತು. ಬಾಗಿಲಿಗೋ ಬಲೆಯ ಪರದೆ, ಬಲೆಯೊಳಗಿಂದ ಕಂಡದ್ದು ಕಂಡಂತಲ್ಲ. ಪರದೆಯನ್ನು ಸರಿಸಿದಳು. ಕಂಡಿತು. ಕಂಡದ್ದನ್ನು ಮತ್ತೆ ಮತ್ತೆ ನೋಡಬೇಕೆನಿಸಿ, ಸರಿಸಿದ ಪರದೆಯನ್ನು ಹಾಗೇ ಬಿಟ್ಟಳು.

ಬಲೆಯನ್ನು ಅಪ್ಪ ಅಂದಕ್ಕೆ ಕಟ್ಟಿರಲಿಲ್ಲ, ಮಾಡಿನಲ್ಲಿ ಗಾಜು ಒಡೆದ ಕಡೆಗೂ ಅಂಥದ್ದೇ ಬಲೆ ಹೊದಿಸಿದ್ದರು. ಒಳಗಿನ ತಳಿ ಪರಾಗದ ಹಂಗಿಲ್ಲದೆ ತಾನೇ ಕಾಯಿ ಕಟ್ಟುವಂಥದ್ದು. ಅದರ ಬೀಜರಹಿತ ನೇರ ಮೈಗೆ ಅದೇ ಕಾರಣ. ಹೊರಗಿನ ಹೊಲದ ಸೌತೆಹೂವನ್ನು ಮುಟ್ಟಿಬಂದ ಜೇನುನೊಣವೊಂದು ಒಳಹೊಕ್ಕು ಹೂವಿನಲ್ಲಿ ಕೂತರೆ ಸಾಕು, ಕಾಯಿಯ ತುದಿಯಲ್ಲಿ ಬೀಜ ತುಂಬಿ, ಕೆಳಭಾಗ ಊದಿ, ಮೈ ವಕ್ರವಾಗಿ ಕೂರುತ್ತದೆ. ಒಂದು ನೊಣವಲ್ಲ, ಒಂದು ಗೂಡಿಗೇ ಆಮಂತ್ರಣ ಹೋಗಿತ್ತು. ವಾರ ಕಳೆಯುವಷ್ಟರಲ್ಲಿ ಗಾಜಿನ ಮನೆಯ ತುಂಬ ಡೊಳ್ಳು ಹೊಟ್ಟೆಯ ಸೌತೆಕಾಯಿಗಳು!

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ತಿಳಿಯದೇನು? ಸೌತೆ ಬೆಳೆಯುವ ಊರು ಅದು. ಮಾರುಕಟ್ಟೆಯಲ್ಲಿ ಬುಟ್ಟಿ ಇಳಿಸಿದ ಕೂಡಲೇ ತರಕಾರಿಯವಳು ಒಂದು ಕಾಯಿಯನ್ನು ಎತ್ತಿ, ತಿರುಗಿಸಿ, “ಬಾಗಿಲು ತೆರೆದಿತ್ತು ಅಂತ ಕಾಣುತ್ತೆ. ಯಾರನ್ನ ನೋಡ್ತಾ ಇದ್ರೋ ಪಾಪ” ಎಂದಳು. ಸುತ್ತಲಿನವರು ನಕ್ಕರು. ಕೇಡಿನ ನಗುವಲ್ಲ ಅದು, ವಾತ್ಸಲ್ಯದ್ದೇ. ಆದರೆ ಆ ವಯಸ್ಸಿಗೆ ಎರಡೂ ಒಂದೇ ಥರ ಚುಚ್ಚುತ್ತವೆ. ತನ್ನೆದೆಯೊಳಗೆ ತನಗೇ ಇನ್ನೂ ಹೆಸರಿಡಲಾಗದ ಭಾವವೊಂದು ಬುಟ್ಟಿಗಟ್ಟಲೆ ಬೀದಿಯಲ್ಲಿ ಮಾರಾಟಕ್ಕೆ ಕೂತಿತ್ತು... ಅವಳು ನಾಚಿ ನೀರಾದಳು, ಮನೆಗೆ ಬರುವಷ್ಟರಲ್ಲಿ ಆ ನಾಚಿಕೆ ಸಿಟ್ಟಾಗಿ ಕುದಿಯುತ್ತಿತ್ತು.

ಅದೇ ಸಂಜೆ ಆ ತರುಣ ಅಪ್ಪನ ಮುಂದೆ ನಿಂತು ಕೇಳಬೇಕಾದ್ದನ್ನು ಕೇಳಿದ. ಅಪ್ಪ ಹಾಳಾದ ಬೆಳೆಯನ್ನೂ ಮರೆತು ನಕ್ಕು, ಅವಳತ್ತ ತಿರುಗಿದರು. “ಏನಮ್ಮಾ, ಇವರು ಕೇಳ್ತಿದ್ದಾರೆ. ನೀನೇನು ಹೇಳ್ತೀಯ?”

ಒಂದೇ ಒಂದು ಅಕ್ಷರ ಸಾಕಿತ್ತು. ತಲೆಯಾಡಿಸಿದ್ದರೂ ಸಾಕಿತ್ತು. ಅವಳ ಕಿವಿಯಲ್ಲಿ ಮಾರುಕಟ್ಟೆ ಇನ್ನೂ ನಗುತ್ತಿತ್ತು. “ನನಗೆ ಕೆಲಸ ಇದೆ” ಎಂದವಳೇ ಬಳ್ಳಿಗಳ ನಡುವೆ ಹೋಗಿ ಮರೆಯಾದಳು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದಿದ್ದರೂ ಹೋಗುತ್ತದೆ ಎಂಬುದನ್ನು ಯಾಕೋ ಅವರು ಹೇಳಿಕೊಡಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ಅಪ್ಪನಿಗೆ ನಮಸ್ಕಾರ ಹೇಳಿ ಹೊರಟುಹೋದ. ಎಲೆಗಳ ಸಂದಿಯಿಂದ ಅವಳಿಗೆ ಕಂಡದ್ದು ಅವನ ಬೆನ್ನು ಮಾತ್ರ.

ಇಷ್ಟು ವರ್ಷಗಳ ಮೇಲೆ, ಆಲಿಕಲ್ಲಿನ ಈ ಮರುದಿನ, ಮಧ್ಯಾಹ್ನದ ಹೊತ್ತಿಗೆ ಅವರು ಬಂದರು, ಅಂದಿನ ಆ ತರುಣ. ಏಣಿ ಅದೇ ಎತ್ತರದ್ದು, ಹತ್ತುವ ಕಾಲು ಮಾತ್ರ ಈಗ ಪ್ರತಿ ಮೆಟ್ಟಿಲನ್ನೂ ಕೇಳಿ ಹತ್ತುತ್ತಿತ್ತು. ಮೂಗಿನ ತುದಿಯಲ್ಲಿ ಕನ್ನಡಕ, ಅದರ ಹಿಂದೆ ಹಿಂದಿನಂತೆಯೇ ಶಾಂತವಾದ ಕಣ್ಣು. ಚೌಕಟ್ಟನ್ನು ಬೆರಳಿನಿಂದ ಸವರಿ ಅಳೆದರು, ಗಾಜಿನ ಮೇಲೆ ಕೊಯ್ಯುವ ಕಡ್ಡಿಯನ್ನು ಒಂದೇ ಉಸಿರಿಗೆ ಎಳೆದರು. ಟಕ್ಕೆಂದು ಗಾಜು ಎರಡಾಯಿತು. ಕೆಳಗೆ ನಿಂತು ಒಂದೊಂದೇ ಗಾಜನ್ನು ಎತ್ತಿಕೊಡುತ್ತಿದ್ದವಳು ಅವಳೇ. ಅತ್ತಿಗೆಗೆ ಒಲೆಯ ಮೇಲೆ ಏನೋ ಇದೆಯೆಂದು ಅಷ್ಟರಲ್ಲಿ ನೆನಪಾಗಿತ್ತು.

ಕೊಡುವ ಕೈಯಿಂದ ಕೊಳ್ಳುವ ಕೈಗೆ ಗಾಜುಗಳು ಒಂದೊಂದಾಗಿ ಏರಿದವು. ಪ್ರತಿಯೊಂದು ಗಾಜು ಕೂತಾಗಲೂ ಅವಳು ಉಳಿದ ಗಾಜುಗಳನ್ನು ಎಣಿಸುತ್ತಿದ್ದಳು. ಕೆಲಸ ಮುಗಿಯುತ್ತಿದೆ... ಮುಗಿದರೆ ಬಸ್ಸು, ಬಸ್ಸು ಹತ್ತಿದರೆ ಮಗಳ ಊರು.

“ಅವತ್ತು ನಾನು ಹೋದ ಮೇಲೆ ಒಂದೆರಡು ವರ್ಷ,” ಅವರು ಮೇಲಿಂದಲೇ, ಪುಟ್ಟಿ ಒತ್ತುತ್ತ ಹೇಳಿದರು, “ಆಲಿಕಲ್ಲು ಬಿದ್ದಾಗೆಲ್ಲ ಕರೆ ಬರುತ್ತೆ ಅಂದ್ಕೊಂಡಿದ್ದೆ.”

“ಅಣ್ಣ ಪ್ಲಾಸ್ಟಿಕ್ ಹಾಳೆ ಅಂಟಿಸಿಬಿಡ್ತಿದ್ದ.”

“ನೋಡಿದೀನಿ. ದಾರೀಲಿ ಹೋಗ್ತಾ.” ಅಂಚಿನ ಪುಟ್ಟಿಯನ್ನು ಸವರಿ, “ಆಮೇಲೆ ಮದುವೆ ಆಯ್ತು. ಒಳ್ಳೆಯವಳು ಅವಳು. ಚೆನ್ನಾಗೇ ಬದುಕಿದ್ವಿ” ಎಂದರು.

“ಕೇಳಿದ್ದೆ. ಸಂತೋಷ ಆಗಿತ್ತು,” ಎಂದಳು. ಅದು ಸುಳ್ಳಲ್ಲ. ಅತ್ತದ್ದೂ ಸುಳ್ಳಲ್ಲ, ಅದನ್ನು ಹೇಳಲಿಲ್ಲ.

ಕೊನೆಯ ಗಾಜು ಕೂತಿತು. ಪಡುವಣ ದಿಕ್ಕಿನ ಬೆಳಕು ಮಾಗಿ, ಹೊಸ ಗಾಜಿನ ಮೇಲೆಲ್ಲ ಹೊನ್ನಿನ ತೆಳು ಲೇಪವಾಗಿ ಹರಡಿ, ಬಳ್ಳಿಗಳ ನೆತ್ತಿಯ ಹಳದಿ ಹೂಗಳನ್ನು ಒಂದೊಂದಾಗಿ ಮುಟ್ಟುತ್ತಿತ್ತು. ಅವರು ಕೆಳಗಿಳಿದು, ಸಲಕರಣೆಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಚೀಲವನ್ನು ಹೆಗಲಿಗೇರಿಸಿದರು.

“ಬರ್ತೀನಿ. ಸಂಜೆ ಬಸ್ಸಿಗೇ ಹೊರಡಬೇಕು, ಮಗಳು ಕಾಯ್ತಿರ್ತಾಳೆ.”

ನಾಚಿಕೆ ಎಂಬ ಆ ಹಳೆಯ ಶತ್ರು ಕೊರಳಿನವರೆಗೆ ಏರಿ ಬಂತು. ಈ ವಯಸ್ಸಿನಲ್ಲೇ? ಅಣ್ಣ ಏನೆಂದಾನು, ಮಾರುಕಟ್ಟೆ ಏನೆಂದೀತು? ಅವರು ಏಣಿಯನ್ನು ದಾಟಿದರು. ಬುಟ್ಟಿಗಳನ್ನು ದಾಟಿದರು. ಇನ್ನೊಂದು ಹೆಜ್ಜೆ ಇಟ್ಟರೆ ಅವರ ಬೆನ್ನು ಹೊರಗಿನ ಬಿಸಿಲಿಗೆ ಸೇರಿಬಿಡುತ್ತದೆ ಎನ್ನುವಾಗ ಅವಳಿಗೆ ಅರ್ಥವಾಯಿತು: ನಗುವವರ ನಡುವೆ ಬದುಕಬಹುದು, ಈ ಬೆನ್ನನ್ನು ಎರಡನೆಯ ಸಲ ನೋಡಿ ಬದುಕಲಾಗದು.

“ಹೋಗಬೇಡಿ.”

ಅವರು ನಿಂತರು, ತಿರುಗಲಿಲ್ಲ.

“ನನಗೆ ನೀವು ಬೇಕು,” ಎಂದಳು. “ಅವತ್ತೂ ಬೇಕಾಗಿತ್ತು.”

ಅವರು ತಿರುಗಿದರು. ಚೀಲವನ್ನು ಇಳಿಸಿ, ಬೋರಲು ಹಾಕಿದ್ದ ಬುಟ್ಟಿಯೊಂದರ ಮೇಲೆ ಮೆಲ್ಲಗೆ ಕೂತು, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಒರೆಸಿದಷ್ಟೂ ಅದು ಮಂಜಾಗುತ್ತಲೇ ಇತ್ತು.

“ಮಗಳಿಗೆ ಏನು ಹೇಳಲಿ?” ಕನ್ನಡಕವನ್ನು ಮತ್ತೆ ಏರಿಸುತ್ತ ಕೇಳಿದರು.

“ಇದ್ದದ್ದನ್ನ ಹೇಳಿ.”

“ನಗ್ತಾಳೆ.”

“ನಗಲಿ,” ಎಂದಳು ಅವಳು, ಅವರ ಪಕ್ಕದಲ್ಲಿ ಇನ್ನೊಂದು ಬುಟ್ಟಿಯನ್ನು ಬೋರಲು ಹಾಕಿಕೊಂಡು ಕೂರುತ್ತ.

ದೂರದಲ್ಲಿ ಸಂಜೆಯ ಬಸ್ಸು ಹಾರನ್ ಮಾಡಿತು, ತಿರುವಿನಲ್ಲಿ ಒಮ್ಮೆ ತಡೆದು ನಿಂತಿತು, ಹೊರಟುಹೋಯಿತು. ಇಬ್ಬರೂ ಕೇಳಿಸಿಕೊಂಡರು.

ಯೌವನದ ಅನುರಾಗ ಇಡೀ ಆಯುಷ್ಯವನ್ನೇ ಕೇಳುತ್ತದೆ, ಕೊಡದಿದ್ದರೆ ಮುನಿಸಿಕೊಳ್ಳುತ್ತದೆ. ಮಾಗಿದ ವಯಸ್ಸಿನ ಅನುರಾಗವೋ... ಉಳಿದಷ್ಟನ್ನೇ ಕೇಳುತ್ತದೆ, ಉಳಿದಿರುವುದೆಷ್ಟೆಂದು ಯಾರೂ ಅರಿಯರಾದ್ದರಿಂದ ಆ ಕೇಳಿಕೆಯೂ ಸಣ್ಣದಲ್ಲ. ಮನುಷ್ಯ ಮನುಷ್ಯನಿಗೆ ಹೇಳಬಹುದಾದ ಮಾತುಗಳಲ್ಲಿ ‘ಬೇಕು’ ಎಂಬುದಕ್ಕಿಂತ ದೊಡ್ಡದಿದೆಯೇ, ಸಹೃದಯರೇ? ಅದನ್ನು ಹೇಳಲು ಇಷ್ಟು ಕಾಲ ಹಿಡಿಯಿತಲ್ಲ ಎಂದು ನಗುವವರು ನಗಲಿ. ಹೇಳದೆಯೇ ಹೋಗಿಬಿಟ್ಟವರು ಈ ಲೋಕದಲ್ಲಿ ಅದಕ್ಕಿಂತ ಬಹಳ ಮಂದಿ.