ಎಡಗೈ ಗಂಟು

ಕೊರಳಿನ ಸುತ್ತ ಬಿಗಿದಿದ್ದ ಬಲೆಯ ಎಳೆಗಳನ್ನು ಕತ್ತರಿಸಿ ಮುಗಿಸಿದ ಎಡಚಿ ಚಾಕುವನ್ನು ದಡಕ್ಕೆ ಬಂದು ಬಿದ್ದಿದ್ದ ಆಮೆಯ ಮುಂಗಾಲಿನ ಕಡೆಗೆ ತಿರುಗಿಸಿದಳು. ಆಮೆ ಸತ್ತು ಒಂದು ದಿನವಾದರೂ ಆಗಿರಬೇಕು. ಸತ್ತಮೇಲೆ ಬಿಡಿಸಿ ಏನುಪಯೋಗ ಎಂದು ಹಿಂದೆ ನಿಂತವರಲ್ಲಿ ಯಾರೋ ಗೊಣಗಿದರು. ಬಲೆಯ ಸಮೇತ ಹೂತರೆ ಮುಂದಿನ ದೊಡ್ಡ ಅಲೆ ಮರಳನ್ನು ಕೆದಕಿ ಅದನ್ನು ಮತ್ತೆ ನೀರಿಗೆ ಎಳೆದೊಯ್ಯುತ್ತದೆ, ಅದು ಇನ್ನೊಂದು ಜೀವದ ಕೊರಳಿಗೆ ಬೀಳುತ್ತದೆ ಎಂದು ಅವಳು ಯಾರಿಗೂ ವಿವರಿಸಲು ಹೋಗಲಿಲ್ಲ. ನೈಲಾನ್ ಎಳೆ ಚರ್ಮವನ್ನು ಕೊಯ್ದು ಮಾಂಸದೊಳಗೆ ಇಳಿದಿತ್ತು. ಬಲೆಯ ಮುದ್ದೆಯಲ್ಲಿ ಏಡಿಯ ಚಿಪ್ಪುಗಳು, ಬಾಟಲಿಯ ಮುಚ್ಚಳಗಳು, ಯಾವುದೋ ನೀರುಹಕ್ಕಿಯ ಒಂದು ಕಾಲು, ಎಲ್ಲ ಒಟ್ಟಿಗೆ ಸಿಕ್ಕಿಕೊಂಡಿದ್ದವು. ಆಮೆ ಸಿಗುವ ಮೊದಲೇ ಈ ಬಲೆ ಹೇಳುವವರು ಕೇಳುವವರಿಲ್ಲದೆ ಬೇಟೆಯಾಡಿಕೊಂಡು ಅಲೆದಿತ್ತು.

ಮುಂಗಾಲಿನ ಸಂದಿಯಲ್ಲಿ ಒಂದು ಗಂಟು ಅವಳ ಹೆಬ್ಬೆರಳಿಗೆ ತಾಗಿತು. ಕೈ ಅಲ್ಲೇ ನಿಂತಿತು.

ಬಂದರಿನಲ್ಲಿ ಅವಳನ್ನು ಎಲ್ಲರೂ ಎಡಚಿ ಎಂದೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಮದುವೆಯ ದಿನ ಒಮ್ಮೆ ಕೇಳಿಸಿದ್ದು ಬಿಟ್ಟರೆ ಆಮೇಲೆ ಯಾರ ಬಾಯಲ್ಲೂ ಬಂದಿರಲಿಲ್ಲ. ಹೊಸ ಸೊಸೆಗೆ ಬಲೆ ಹೆಣೆಯುವುದನ್ನು ಕಲಿಸಲು ಅತ್ತೆ ಕೂರಿಸಿಕೊಂಡಾಗ ಸೂಜಿ ತಾನಾಗಿ ಎಡಗೈಗೆ ಹೋಗಿತ್ತು. ಅತ್ತೆ ಬೈದು ನೋಡಿದಳು, ಬೆರಳಿಗೆ ಹೊಡೆದು ನೋಡಿದಳು, ಬೆಲ್ಲದಂಥ ಮಾತಾಡಿಯೂ ನೋಡಿದಳು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕೊನೆಗೆ ಒಂದು ದಿನ ಸೊಸೆ ಹಾಕಿದ ಗಂಟನ್ನು ಕಾಲಲ್ಲಿ ಒತ್ತಿ ಹಿಡಿದು ಎರಡೂ ಕೈಯಿಂದ ಎಳೆದಳು. ಗಂಟು ಜಪ್ಪಯ್ಯ ಎನ್ನಲಿಲ್ಲ. "ಊರಿಗೆಲ್ಲ ಒಂದು ದಾರಿಯಾದ್ರೆ ನಿಂಗೇ ಒಂದು ದಾರಿ. ಹಾಳಾಗಿ ಹೋಗು, ಗಂಟು ಗಟ್ಟಿ ಇದೆ" ಎಂದು ಸುಮ್ಮನಾದಳು. ಅಂದಿನಿಂದ ಎಲ್ಲರ ಗಂಟಿನ ಕುಣಿಕೆ ಬಲಕ್ಕೆ ವಾಲಿದರೆ ಇವಳದು ಎಡಕ್ಕೆ ವಾಲುತ್ತದೆ. ಹರಿದು ಬಂದ ಬಲೆಯಲ್ಲಿ ತನ್ನ ಹಳೆಯ ತೇಪೆ ಯಾವುದೆಂದು ಕಣ್ಣು ಮುಚ್ಚಿ ಮುಟ್ಟಿಯೇ ಹೇಳಬಲ್ಲಳು. ಅದು ಅವಳಿಗೆ ಸ್ವಲ್ಪ ಹೆಮ್ಮೆಯ ವಿಷಯವೂ ಆಗಿತ್ತು.

ಆಮೆಯ ಕಾಲನ್ನು ಬಿಗಿದಿದ್ದ ಗಂಟು ಎಡಕ್ಕೆ ವಾಲಿತ್ತು. ಅದರ ಪಕ್ಕದ್ದೂ ಎಡಕ್ಕೆ, ಅದರ ಪಕ್ಕದ್ದೂ.

ಮೀನುಗಾರಿಕೆ ಇಲಾಖೆಯ ಅಧಿಕಾರಿ ಫೋಟೊ ತೆಗೆಯುತ್ತ ಇದು ಯಾರ ಬಲೆ ಎಂದು ವಿಚಾರಿಸುತ್ತಿದ್ದ. ಯಾರದೆಂದು ತಿಳಿದರೆ ಈ ಸಲದ ಮೀನಿನ ಕಾಲ ಮುಗಿಯುವವರೆಗೆ ಆ ದೋಣಿ ನೀರಿಗಿಳಿಯುವ ಹಾಗಿಲ್ಲ ಎಂದೂ ಹೇಳಿದ. ಅವನಿಗೆ ಉತ್ತರ ಕೊಡಲು ಮುಂದೆ ನಿಂತಿದ್ದವನು ಅವಳ ಬಾವ, ಅಂದರೆ ಗಂಡನ ಅಣ್ಣ. ಎರಡು ದೋಣಿಗಳ ಯಜಮಾನ. ಬಂದರಿನಲ್ಲಿ ನಾಲ್ಕು ಜನ ಸೇರಿದರೆ ಮಾತಾಡುವುದು ಅವನೇ.

"ನಮ್ಮೋರದ್ದಲ್ಲ ಸಾರ್. ದೂರದ ಬಂದರಿನೋರು ಹರಿದದ್ದನ್ನೆಲ್ಲ ನೀರಿಗೆ ಬಿಸಾಕ್ತಾರೆ, ಗಾಳಿ ನಮ್ಮ ಕಡೆ ತಳ್ಳುತ್ತೆ. ಗಂಟು ನೋಡಿ ಹೇಳೋಣ ಅಂದ್ರೆ ಲೋಕದಲ್ಲೆಲ್ಲ ಗಂಟು ಒಂದೇ."

"ಒಂದೇ ಅಲ್ಲ," ಎಂದಳು ಎಡಚಿ, ಮರಳಿನಿಂದ ಏಳದೆ. "ಇದು ನನ್ನ ಗಂಟು."

ಬಾವ ದೊಡ್ಡದಾಗಿ ನಕ್ಕ. "ನಮ್ಮ ತಮ್ಮನ ಹೆಂಡತಿ ಸಾರ್. ಹೆಂಗರುಳು. ಬಿಟ್ರೆ ಈ ಆಮೆಗೆ ಬಾಣಂತನ ಮಾಡಿದ್ದೂ ನಾನೇ ಅಂತಾಳೆ."

ಸುತ್ತಲಿದ್ದವರು ನಕ್ಕರು. ಅಧಿಕಾರಿ ನಗಲಿಲ್ಲ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳು ತೋರಿಸಿದ್ದನ್ನು ನೋಡಿದ. ಅವನಿಗೆ ಅದು ಗೊತ್ತಿರುವ ಕೆಲಸವಲ್ಲ. ಒಬ್ಬರ ಮಾತಿನ ಮೇಲೆ ಏನೂ ಬರೆಯಲು ಬರುವುದಿಲ್ಲ, ತಿಳಿದವರಿಗೆ ತೋರಿಸುತ್ತೇನೆ ಎಂದು ಬಲೆಯ ಒಂದು ತುಂಡನ್ನು ಚೀಲಕ್ಕೆ ಹಾಕಿಕೊಂಡು ಹೋದ. ಉಳಿದ ಬಲೆಯನ್ನು ಎಡಚಿ ಮುದ್ದೆಮಾಡಿ ಎತ್ತಿಕೊಂಡಳು. ನೀರು, ಮರಳು, ಕೊಳೆತ ವಾಸನೆ ಎಲ್ಲ ಅವಳ ಬಟ್ಟೆಗೆ ಇಳಿಯಿತು.

ಮನೆಗೆ ಬರುವ ದಾರಿಯಲ್ಲಿ ಗಂಡ ಒಂದು ಮಾರು ಹಿಂದೆಯೇ ನಡೆಯುತ್ತಿದ್ದ. ಅವನು ಅಣ್ಣನ ದೋಣಿಯಲ್ಲೇ ದುಡಿಯುವವನು, ಅಣ್ಣ ಹಾಕಿದ ಗೆರೆ ದಾಟುವವನಲ್ಲ. ಹೋದ ತಿಂಗಳು ದೊಡ್ಡ ದೋಣಿಯ ಬಲೆ ಒಂದು ಅಂಚೇ ಇಲ್ಲದೆ ಬಂದಾಗ ಬಂಡೆ ನುಂಗಿತು ಎಂದು ಅವಳಿಗೆ ಹೇಳಿದವನೂ ಅವನೇ. ಅವಳು ತಿರುಗಿ ನಿಂತು ಕೇಳಿದ ಮೇಲೆ ಬಾಯಿ ಬಿಟ್ಟ. ಬಂಡೆಗೆ ಸಿಕ್ಕಿದ್ದು ಸ್ವಲ್ಪವೇ. ಹರಿದ ಅಂಚಿನ ಬಹುಪಾಲು ಬಲೆಯ ಜೊತೆಗೇ ಮೇಲೆ ಬಂದಿತ್ತು. ಅಣ್ಣ ಕುಯ್ದು ಬಿಡು ಎಂದ, ಇವನು ಕುಯ್ದು ನೀರಿಗೆ ಬಿಟ್ಟ.

"ಕೈಗೆ ಬಂದಿದ್ದನ್ನೂ ಯಾಕೆ ಬಿಟ್ರಿ?"

"ಇಡೋಕೆ ಜಾಗ ಎಲ್ಲಿದೆ? ಅಲ್ಲಿ ಮೀನು ತುಂಬಬೇಕು. ದಡಕ್ಕೆ ತಂದ್ರೂ ಅದನ್ನ ಯಾರು ತಗೋತಾರೆ? ಎಲ್ಲರೂ ಬಿಡೋದೇ ತಾನೇ."

ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ವರ್ಷ ಬೆನ್ನು ಬಗ್ಗಿಸಿ ಹಾಕಿದ ಗಂಟುಗಳಲ್ಲಿ ಎಷ್ಟು ಈಗ ನೀರಿನಡಿಯಲ್ಲಿ ಯಾರ ಕಾಲಿಗೆ, ಯಾರ ರೆಕ್ಕೆಗೆ ಬಿಗಿದುಕೊಂಡಿವೆಯೋ ಯಾರಿಗೆ ಗೊತ್ತು. ಗಟ್ಟಿ ಗಂಟು ಎಂದು ಬೀಗಿದ್ದೇ ಬೀಗಿದ್ದು!

ಆ ಸಂಜೆ ಬಾವ ಮನೆಗೆ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ. ಅವನು ಕೆಟ್ಟವನಲ್ಲ. ಅಪ್ಪ ಸತ್ತಾಗ ಹರಕು ದೋಣಿಯೊಂದನ್ನು ಹಿಡಿದು ಇಡೀ ಸಂಸಾರವನ್ನು ದಡ ಸೇರಿಸಿದವನು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಬೈಯಲು ಬಂದಿದ್ದಾನೆ ಎಂದುಕೊಂಡಿದ್ದಳು. ಅವನು ಬೈಯದೆ ಮೆಲ್ಲಗೆ ಮಾತಾಡಿದ.

"ಆಗಿದ್ದು ಆಯ್ತು. ಇನ್ಮೇಲೆ ಬಲಗೈಯಲ್ಲಿ ಗಂಟು ಹಾಕು."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ.

"ಆ ಅಧಿಕಾರಿ ತುಂಡು ತಗೊಂಡು ಹೋಗಿದಾನೆ. ನಾಳೆ ತಿಳಿದೋರು ಯಾರಾದ್ರೂ ನೋಡಿ, ನೀನು ಹೇಳಿದ್ದು ನಿಜಾನಾ ಅಂತ ನಮ್ಮ ಬಲೆ ಜೊತೆ ಹೋಲಿಸೋಕೆ ಬಂದ್ರೆ? ಬಂದಾಗ ಇಲ್ಲಿರೋ ಬಲೆ ಎಲ್ಲ ಒಂದೇ ಥರ ಇರಬೇಕು. ನಿನ್ನ ಹಳೇ ತೇಪೆಗಳನ್ನೆಲ್ಲ ಬಿಚ್ಚಿ ಬೇರೆಯೋರ ಕೈಲಿ ಹಾಕಿಸ್ತೀನಿ. ಈ ದೋಣಿಗಳನ್ನ ನಂಬ್ಕೊಂಡು ಎಷ್ಟು ಮನೆ ಒಲೆ ಉರೀತಿದೆ, ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಆ ಒಲೆಗಳಲ್ಲಿ ತನ್ನದೂ ಒಂದು. ಆದರೂ ಅವಳ ಎಡಗೈ ಮಡಿಲಲ್ಲಿ ತಾನಾಗಿ ಮುಷ್ಟಿ ಕಟ್ಟಿತು.

"ಹರಿದದ್ದನ್ನ ವಾಪಸ್ ತನ್ನಿ ಬಾವ. ಆಗ ಯಾರ ಕೈ ಅಂತ ಯಾರೂ ಕೇಳಲ್ಲ."

"ಒಂದು ತುಂಡು ಬಲೆಗೆ ಸಮುದ್ರ ಏನೂ ಬಡವಾಗಲ್ಲ. ಉಂಡ ಮನೆಗೆ ಎರಡು ಬಗೀಬೇಡ."

"ಉಂಡ ಮನೆ ಯಾವುದು ಬಾವ?" ಎಂದಳು ಎಡಚಿ, ಕಿಟಕಿಯಾಚೆ ಕಾಣುತ್ತಿದ್ದ ನೀರಿನ ಕಡೆ ಗದ್ದ ಎತ್ತಿ. "ನೀವು ಉಂಡಿದ್ದು, ನಾನು ಉಂಡಿದ್ದು, ಎಲ್ಲ ಅಲ್ಲಿಂದಲೇ ಬಂದಿದ್ದು. ಎರಡು ಬಗೀತಿರೋರು ಯಾರು?"

ಗಂಡ ನೆಲ ನೋಡುತ್ತ ನಿಂತಿದ್ದ. ಬಾವ ಎದ್ದ. ದೊಡ್ಡ ದೋಣಿ ನಾಡಿದ್ದು ಹೊರಡಬೇಕು, ಅದರ ಬಲೆ ಇನ್ನೂ ಅರ್ಧ ಹಾಗೇ ಬಿದ್ದಿದೆ; ಬಲಗೈಯಲ್ಲಿ ಹೆಣೆಯುವುದಾದರೆ ಬಲೆಯ ಕೊಟ್ಟಿಗೆಗೆ ಬಾ, ಇಲ್ಲವಾದರೆ ಬರಬೇಡ ಎಂದು ಹೇಳಿ ಚಪ್ಪಲಿ ಮೆಟ್ಟಿದ.

ಮಾರನೆಯ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲೇ ಬಲೆಯ ಕೊಟ್ಟಿಗೆಗೆ ಹೋದಳು. ತಗಡಿನ ಮಾಡಿನ ಉದ್ದನೆಯ ಕೋಣೆ ಅದು. ಗೋಡೆಯುದ್ದಕ್ಕೂ ನೂಲಿನ ಉಂಡೆಗಳು, ನಡುವೆ ದೊಡ್ಡ ದೋಣಿಯ ಹಸಿರು ಬಲೆಯ ರಾಶಿ. ಆಮೆಯಿಂದ ಬಿಡಿಸಿ ತಂದ ಬಲೆಯನ್ನು ಅವಳು ಎಲ್ಲರಿಗೂ ಕಾಣುವಂತೆ ಎದುರು ಗೋಡೆಯ ಮೊಳೆಗೆ ನೇತುಹಾಕಿ, ತನ್ನ ಜಾಗದಲ್ಲಿ ಕೂತು, ಎಡಗೈಯಲ್ಲಿ ಸೂಜಿ ಹಿಡಿದಳು. ಉಳಿದ ಹೆಂಗಸರೂ ಬಂದು ಕೂತ ಸ್ವಲ್ಪ ಹೊತ್ತಿಗೆ ಬಾವ ಬಂದ. ಸೂಜಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಪಕ್ಕದಲ್ಲಿದ್ದ ಗಿಡ್ಡಕ್ಕನಿಗೆ ಕೊಟ್ಟು ಹೊರಟುಹೋದ.

ಗಿಡ್ಡಕ್ಕ ಬಾವನ ಇನ್ನೊಂದು ದೋಣಿಯ ಚಾಲಕನ ಹೆಂಡತಿ. ಮಾತಿಗೆ ನಿಂತರೆ ಉಬ್ಬರ ಇಳಿಯುವವರೆಗೂ ಮುಗಿಸದವಳು, ಅವತ್ತು ತುಟಿ ಹೊಲಿದುಕೊಂಡು ಕೂತಳು. ಎಡಚಿ ಮನೆಗೆ ಹೋಗುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಹೋಗಲಿಲ್ಲ. ಮೂಲೆಯಲ್ಲಿದ್ದ ಸುತ್ತಿಗೆ ತೆಗೆದುಕೊಂಡು, ಆಮೆಯ ಬಲೆ ನೇತಾಡುತ್ತಿದ್ದ ಗೋಡೆಯ ಮರದ ಪಟ್ಟಿಗೆ ದೊಡ್ಡ ದೊಡ್ಡ ಮೊಳೆಗಳನ್ನು ಸಾಲಾಗಿ ಹೊಡೆಯತೊಡಗಿದಳು. ಸದ್ದಿಗೆ ತಗಡಿನ ಮಾಡು ನಡುಗಿತು.

"ಅದೇನು ಕೆಲಸ ಅದು?" ಎಂದು ಕೊನೆಗೆ ಗಿಡ್ಡಕ್ಕನೇ ಸೋತು ಕೇಳಿದಳು.

"ಹರಿದದ್ದನ್ನ ಇಡೋಕೆ ಜಾಗ ಎಲ್ಲಿದೆ ಅಂದ್ರು. ಮಾಡ್ತಾ ಇದೀನಿ."

ಅತ್ತೆ ಬಾಗಿಲ ಬೆಳಕಿನಲ್ಲಿ ಕೂತು ಸೂಜಿಗಳಿಗೆ ನೂಲು ತುಂಬುತ್ತಿದ್ದಳು. ಬೆರಳುಗಳ ಗೆಣ್ಣು ಊದಿಕೊಂಡ ಮೇಲೆ ಬಲೆ ಹೆಣೆಯುವುದನ್ನು ಬಿಟ್ಟಿದ್ದಳು. ಈಗ ಇಷ್ಟೇ ಅವಳ ಕೆಲಸ. ಆದರೆ ಕೊಟ್ಟಿಗೆ ಅವಳದು. ಅದು ಗಂಡನಿಂದ ಬಂದದ್ದಲ್ಲ, ಮಗ ಕಟ್ಟಿಸಿದ್ದೂ ಅಲ್ಲ, ಬಲೆ ಹೆಣೆದು ಕೂಡಿಟ್ಟ ದುಡ್ಡಿನಲ್ಲಿ ಅವಳೇ ಕಟ್ಟಿಸಿದ್ದು. ಸುತ್ತಿಗೆಯ ಸದ್ದು ನಿಂತಾಗ ಅವಳು ಎದ್ದು ಬಂದು ನೇತಾಡುತ್ತಿದ್ದ ಬಲೆಯನ್ನು ಮುಟ್ಟಿದಳು. ಒಂದೊಂದೇ ಗಂಟನ್ನು ಹಿಸುಕಿ ನೋಡಿದಳು. ಹಕ್ಕಿಯ ಕಾಲು ಇನ್ನೂ ಅದರಲ್ಲೇ ಇತ್ತು.

"ನಾನು ಸೊಸೆಯಾಗಿ ಬಂದಾಗ ಹತ್ತಿ ನೂಲಿನ ಬಲೆ," ಎಂದಳು. "ಒಂದೆರಡು ವರ್ಷಕ್ಕೆ ಕೊಳೆತು ಹೋಗೋದು. ಬೈಕೊಂಡು ಬೈಕೊಂಡು ಹೊಸದು ಹೆಣೀತಿದ್ವಿ. ಈ ನೈಲಾನ್ ಬಂದಾಗ ಎಷ್ಟು ಖುಷಿಪಟ್ಟಿದ್ದೆ ಗೊತ್ತಾ. ಇದಕ್ಕೆ ಸಾಯೋದೇ ಗೊತ್ತಿಲ್ಲ."

ಅವಳು ಒಂದು ಗಂಟನ್ನು ಉಗುರಿನಿಂದ ಬಿಚ್ಚಲು ನೋಡಿದಳು, ಆಗಲಿಲ್ಲ.

"ಗಟ್ಟಿಯಾಗಿ ಹಾಕು ಅಂತ ಹೊಡೆದು ಕಲಿಸಿದೋಳು ನಾನು. ಅವನು ನಿನ್ನೊಬ್ಬಳ ಕೈ ಯಾಕೆ ಬದಲಾಯಿಸ್ತಾನೆ? ಬಲೆ ಎಲ್ಲ ಒಂದೇ ಥರ ಇರಬೇಕು ಅಂದ್ರೆ ನಮ್ಮ ಕೈಗಳೇ ಬದಲಾಗ್ಲಿ."

ಆಮೇಲೆ ಅವಳು ಬಲೆಯ ರಾಶಿಯ ಪಕ್ಕದಲ್ಲಿ ಕಷ್ಟಪಟ್ಟು ಕೂತಳು. ನೂಲು ತುಂಬಿದ ಸೂಜಿಯೊಂದನ್ನು ಬಲಗೈಯಲ್ಲಿ ಎತ್ತಿಕೊಂಡು, ಸ್ವಲ್ಪ ನೋಡಿ, ಎಡಗೈಗೆ ದಾಟಿಸಿದಳು.

"ಹೆಂಗೆ ಹಿಡೀತೀಯ, ತೋರಿಸು."

ಗಿಡ್ಡಕ್ಕನಿಗೆ ನಗು ತಡೆಯಲಾಗಲಿಲ್ಲ. ಈ ವಯಸ್ಸಿನಲ್ಲಿ ದೊಡ್ಡಮ್ಮನಿಗೆ ಇದೆಲ್ಲಿಯ ಹುಚ್ಚು ಎಂದಳು. ಎಡಚಿ ಅತ್ತೆಯ ಹಿಂದೆ ಕೂತು, ಆ ಊದಿದ ಬೆರಳುಗಳನ್ನು ತನ್ನ ಬೆರಳಿನಿಂದ ಹಿಡಿದು ಕುಣಿಕೆ ಹಾಕಿಸಿದಳು. ಒಂದು ಕಾಲದಲ್ಲಿ ಇದೇ ಬೆರಳುಗಳು ತನ್ನ ಗೆಣ್ಣಿಗೆ ಏಟು ಕೊಟ್ಟಿದ್ದವು ಎಂದು ನೆನಪಾಗಿ ಅವಳಿಗೂ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಅತ್ತೆಯ ಮೊದಲ ಗಂಟು ಜಾರಿತು. ಎರಡನೆಯದೂ ಜಾರಿತು. ಇದೇನು ಮಹಾ ವಿದ್ಯೆ ಎಂದು ಗಿಡ್ಡಕ್ಕ ತನ್ನ ಸೂಜಿಯನ್ನು ಎಡಗೈಗೆ ಹಾಕಿಕೊಂಡು ನೋಡಿದಳು. ನೂಲು ಅವಳ ಹೆಬ್ಬೆರಳಿಗೇ ಸುತ್ತಿಕೊಂಡಿತು. ಇಡೀ ಕೊಟ್ಟಿಗೆ ನಕ್ಕಿತು. ನಗು ನಿಂತಮೇಲೆ ಗಿಡ್ಡಕ್ಕ, ತನ್ನ ಗಂಡನೂ ಎಷ್ಟೋ ಸಲ ಕುಯ್ದು ಬಿಟ್ಟು ಬಂದಿದ್ದಾನೆ ಎಂದು ಯಾರೂ ಕೇಳದಿದ್ದರೂ ಹೇಳಿದಳು. ಹೇಳಿ ಸೂಜಿಯನ್ನು ಮತ್ತೆ ಬಲಗೈಗೆ ಬದಲಾಯಿಸಲಿಲ್ಲ.

ಹೊರಡುವ ದಿನ ಬಾವ ಬಲೆ ಒಯ್ಯಲು ಬಂದಾಗ ಎಲ್ಲ ಮಡಿಸಿ ಸಿದ್ಧವಾಗಿತ್ತು. ಹಿಂದೆ ತಮ್ಮನೂ ಇದ್ದ. ಬಾವನೂ ಬಲೆಯ ಮಧ್ಯೆಯೇ ಬೆಳೆದವನು. ಅಂಚನ್ನು ಎತ್ತಿ ಅಭ್ಯಾಸಬಲದಿಂದ ಬೆರಳಾಡಿಸಿದ. ಬೆರಳು ನಿಧಾನವಾಯಿತು. ಎಡಕ್ಕೆ ವಾಲಿದ ಗಂಟು. ಇನ್ನೊಂದು ಮಾರು ಎಳೆದು ನೋಡಿದ, ಅಲ್ಲೂ ಎಡಕ್ಕೆ. ಕೆಲವು ಬಿಗಿ, ಕೆಲವು ಸಡಿಲ, ಕೆಲವು ಅಂಕುಡೊಂಕು, ಆದರೆ ಈಚೆ ತುದಿಯಿಂದ ಆಚೆ ತುದಿಯವರೆಗೆ ಹೊಸ ಗಂಟುಗಳೆಲ್ಲ ಒಂದೇ ಕಡೆ ಮುಖಮಾಡಿದ್ದವು. ಲೋಕದ ಯಾವ ದಡಕ್ಕೆ ಹೋಗಿ ಬಿದ್ದರೂ ಇದು ಎಲ್ಲಿಯದು ಎಂದು ಹೇಳುವ ಬಲೆ.

ಅವನು ಒಂದು ಮೂಲೆಯನ್ನು ಎತ್ತಿ ಹಿಡಿದ. "ಇದನ್ನ ಯಾರು ಹಾಕಿದ್ದು? ಕೈಯಿಟ್ರೆ ಜಾರುತ್ತೆ."

"ನಾನು ಕಣೋ," ಎಂದಳು ಅವನ ತಾಯಿ, ತಲೆ ಎತ್ತದೆ. "ಕಲೀತಾ ಇದೀನಿ."

ದೋಣಿಗಳು ನಿಲ್ಲುವ ದಕ್ಕೆಯಿಂದ ಹಾರ್ನ್ ಕೇಳಿಸಿತು. ಉಬ್ಬರ ಇಳಿಯುವ ಮುಂಚೆ ಹೊರಡಬೇಕು. ಅಷ್ಟರೊಳಗೆ ಆ ಗಂಟುಗಳನ್ನೆಲ್ಲ ಬಿಚ್ಚಿ ಹಾಕಿಸಲು ದೇವರಿಂದಲೂ ಆಗುತ್ತಿರಲಿಲ್ಲ. ಬಾವ ಎಡಚಿಯ ಕಡೆ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಅವನು ಬಲೆಯ ಒಂದು ತುದಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಇನ್ನೊಂದು ತುದಿಯನ್ನು ಎತ್ತಿಕೊಂಡ ತಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಗೋಡೆಯ ಮೇಲಿನ ಮೊಳೆಗಳ ಸಾಲನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ.

ಬಲೆ ಹೋದಮೇಲೆ ಕೊಟ್ಟಿಗೆ ದೊಡ್ಡದಾಗಿ ಕಂಡಿತು. ಅತ್ತೆ ಜಾರಿದ ಗಂಟೊಂದನ್ನು ಬಿಚ್ಚಿ, ನೂಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮತ್ತೆ ಮೊದಲಿನಿಂದ ಶುರುಮಾಡಿದ್ದಳು. ಎದುರು ಗೋಡೆಯಲ್ಲಿ ಒಂದು ಮೊಳೆಗೆ ಆಮೆಯ ಬಲೆ ತೂಗುತ್ತಿತ್ತು. ಉಳಿದವು ಖಾಲಿ ಇದ್ದವು.