ತೊಟ್ಟಿಲ ಮೇಲಿನ ಗುರುತು

ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಉಳಿದಿದೆ, ಕೊಡೆ ಎತ್ತಿ ಹಿಡಿದಾಗಲೇ ಕಣ್ಣಿಗೆ ಬಿತ್ತು, ತೋರುಬೆರಳಲ್ಲೂ ನಡುಬೆರಳಲ್ಲೂ, ಸೋಪು ಹಚ್ಚಿ ಮೂರು ಸಲ ತೊಳೆದಿದ್ದೆನಲ್ಲ — ಈ ನೀಲಿ ಕೊಡೆ ಮಳೆಗಲ್ಲ, ಹಿಂದೆ ಬರುವ ಪ್ರವಾಸಿಗಳು ತಪ್ಪಿಹೋಗದಿರಲಿ ಎಂದು, ಇಪ್ಪತ್ತೆರಡು ವರ್ಷದಿಂದ ಇದನ್ನು ತಲೆಗಿಂತ ಮೇಲೆ ಎತ್ತಿಕೊಂಡು ಲ್ಯೂನೆಬುರ್ಗ್‌ನ ಇವೇ ಬೀದಿಗಳಲ್ಲಿ ನಡೆದಿದ್ದೇನೆ, ಒಂದು ತೋಳು ಇನ್ನೊಂದಕ್ಕಿಂತ ದಪ್ಪ ಎಂದು ರೀಕ ಚಿಕ್ಕವಳಿದ್ದಾಗ ಹಿಸುಕಿ ನೋಡುತ್ತಿದ್ದಳು, ಅಮ್ಮನ ಕೊಡೆತೋಳು. ಹತ್ತೂವರೆ. ಹನ್ನೆರಡಕ್ಕೆ ಮನೆಗೆ ನಗರಸಭೆಯ ಫ್ರಾವ್ ಟೋಡ ಬರುತ್ತಾರೆ, ಕೈಯಲ್ಲಿ ಟಾರ್ಚು, ಕುತ್ತಿಗೆಗೆ ನೇತುಬಿದ್ದ ಕನ್ನಡಕ, ಗೋಡೆ ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಮೇಲಿನ ಕೋಣೆಯಲ್ಲಿ ಜನ ಮಲಗಬಹುದೋ ಬಾರದೋ ಹೇಳಿ ಸೈಕಲ್ ಹತ್ತಿ ಹೋಗುತ್ತಾರೆ. ಮೊಯಿನ್, ನಮಸ್ಕಾರ, ಗೆಲ್ಸೆನ್‌ಕಿರ್ಶನ್‌ನವರು ಎಲ್ಲಾ ಬಂದ್ರಾ, ನನ್ನ ಸ್ವರ ತಾನಾಗಿ ಹೊರಡುತ್ತದೆ, ನಲ್ಲಿ ತಿರುಗಿಸಿದ ಹಾಗೆ. ಬಂದಿದೀವಿ, ಒಬ್ಬ ಮಾತ್ರ ಬೇಕರೀಲಿ ಸಿಕ್ಕಿಹಾಕ್ಕೊಂಡಿದಾನೆ, ಬೆಣ್ಣೆ ಹಚ್ಚಿದ್ದು ಕಂಡ್ರೆ ಬಿಡಲ್ಲ ಅವನು. ಹದಿನಾಲ್ಕು ಜನ, ಕಲ್ಲಿದ್ದಲ ಗಣಿಯಲ್ಲಿ ದುಡಿದು ನಿವೃತ್ತರಾದವರು, ಅವರ ಹೆಂಡಂದಿರು, ವಾರಕ್ಕೊಮ್ಮೆ ಒಟ್ಟಿಗೆ ಸೇರಿ ಗುಂಡುರುಳಿಸುವ ಆಟ ಆಡುತ್ತಾರಂತೆ, ವರ್ಷಕ್ಕೊಮ್ಮೆ ಒಂದು ಊರು ನೋಡಲು ಹೊರಡುತ್ತಾರಂತೆ, ಹೆಂಗಸರ ಚೀಲಗಳಲ್ಲಿ ಮದ್ಯದ ಪುಟಾಣಿ ಬಾಟಲಿಗಳು ಈಗಲೇ ಕಿಣಿಕಿಣಿ ಎನ್ನುತ್ತಿವೆ. ನೋಡಿ, ಆ ಗೋಪುರ, ವಾಲಿದೆ ತಾನೇ, ಕಟ್ಟಿದ ಮೇಸ್ತ್ರಿ ಅದನ್ನು ನೋಡಿ ನಾಚಿಕೆಯಿಂದ ಮೇಲಿನ ಕಿಟಕಿಯಿಂದ ಹಾರಿದ, ಕೆಳಗೆ ಹುಲ್ಲಿನ ಗಾಡಿ, ಬದುಕಿದ, ಬದುಕಿದ್ದಕ್ಕೆ ಹೆಂಡದಂಗಡಿಯಲ್ಲಿ ಕುಡಿದು ಕುಡಿದು ಬೆಂಚಿನಿಂದ ಹಿಂದಕ್ಕೆ ಬಿದ್ದು ಸತ್ತ. ನಗುತ್ತಾರೆ, ಎಲ್ಲರೂ ಇಲ್ಲಿ ನಗುತ್ತಾರೆ. ಬೆಳಿಗ್ಗೆ ಆರಕ್ಕೆ ಕಾಫಿ ಲೋಟದಲ್ಲಿ ಜಿಪ್ಸಂ ಕಲಸಿದೆ, ರೀಕ ಮಲಗಿದ್ದಾಗ, ಸದ್ದಾಗದಂತೆ ಚಮಚವನ್ನು ಲೋಟಕ್ಕೆ ತಾಗಿಸದೆ — ಮತ್ತು ಅದು, ಆ ಗೆರೆ, ಅಷ್ಟು ಸಣ್ಣದು, ಬಿಳಿಯ ಮೇಲೆ ಅಂಟಿಕೊಂಡ ಒಂದು ಕಪ್ಪು ಕೂದಲಿನಷ್ಟು.

ಇದು ಎರಡನೆಯ ಸಲ. ಬಿರುಕಿನ ಮೇಲೆ ಅಡ್ಡಲಾಗಿ ಮೆತ್ತಿದ ಜಿಪ್ಸಂ ಪಟ್ಟಿ, ಅಂಗೈಯಷ್ಟು ಅಗಲ, ಮೆತ್ತಿದ ದಿನವನ್ನು ಹಸಿಯಿದ್ದಾಗಲೇ ಗೀಚಿರುತ್ತಾರೆ, ಗೋಡೆ ಸುಮ್ಮನಿದ್ದರೆ ಪಟ್ಟಿ ಇಡಿಯಾಗಿರುತ್ತದೆ, ಗೋಡೆ ಅಲುಗಿದರೆ ಒಡೆಯುತ್ತದೆ, ಅಷ್ಟೇ ಅದರ ಶಾಸ್ತ್ರ, ನಮ್ಮ ಪಡುವಣ ಕೇರಿಯಲ್ಲಿ ಗಡಿಯಾರದ ಹಾಗೆ ಮನೆಮನೆಗೂ ಒಂದು. ನಮ್ಮದನ್ನು ಮೆತ್ತಿದವರು ಫ್ರಾವ್ ಟೋಡ, 9.4.21, ಅವರ ಒಂದಕ್ಕೆ ಉದ್ದನೆಯ ಮೂಗು, ನಾಲ್ಕು ವರ್ಷ ಕೂದಲೂ ಕೊಂಕಲಿಲ್ಲ. ಸೆಪ್ಟೆಂಬರಿನ ಒಂದು ಸಂಜೆ ಕಿಟಕಿ ಒರೆಸುತ್ತಿದ್ದಾಗ ಕಂಡಿತು, ನಾಲ್ಕಕ್ಕೂ ಇಪ್ಪತ್ತೊಂದಕ್ಕೂ ನಡುವೆ, ಕೂದಲು ಎಂದುಕೊಂಡೆ, ಉಗುರಿನಿಂದ ತೆಗೆಯಲು ಹೋದೆ, ಬರಲಿಲ್ಲ. ಆಗಲೇ ಫೋನು. ಆರು ವರ್ಷದ ಮೇಲೆ ಆ ಫೋನು. ಅಮ್ಮಾ, ಮೇಲಿನ ಕೋಣೆ ಖಾಲಿ ಇದೆಯಾ? ನಾನು ಉಸಿರೂ ತೆಗೆದುಕೊಳ್ಳದೆ ಇದೆ ಎಂದೆ, ಬಟ್ಟೆ ಕೈಯಲ್ಲೇ ಇತ್ತು, ನೀರು ತೋಳಿನೊಳಗೆ ಇಳಿಯುತ್ತಿತ್ತು, ಕಣ್ಣು ಆ ಕೂದಲ ಮೇಲೇ ಇತ್ತು, ಇದೆ ಮಗಳೇ, ಖಾಲಿನೇ ಇದೆ. ನಾನೊಬ್ಳೇ ಅಲ್ಲ, ಇನ್ನೊಂದು ಜೀವಾನೂ ಬರತ್ತೆ, ಜನವರೀಲಿ. ಯಾರು ಏನು ಎಂದು ನಾನು ಕೇಳಲಿಲ್ಲ. ಮರುದಿನ ಅಂಗಡಿಯಿಂದ ಚಿಕ್ಕ ಪೊಟ್ಟಣ ತಂದೆ, ತೆಳ್ಳಗೆ ಸವರಿದೆ, ಹೆಣಿಗೆ ಸೂಜಿಯಿಂದ ದಿನ ಗೀಚಿದೆ, ಒಂದಕ್ಕೆ ಉದ್ದನೆಯ ಮೂಗು ಮರೆಯಲಿಲ್ಲ, ಮೇಲೆ ಒಲೆಯ ಬೂದಿ ಒರೆಸಿ ಹಳತು ಮಾಡಿದೆ. ಮೂರು ವಾರ. ಇವತ್ತು ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಕೂದಲು.

ಇಲ್ಲಿ ಮಾರುಕಟ್ಟೆ ಚೌಕ, ಪುರಭವನದ ಮುಂದೆ ಗಾಳಿ ಕೊಡೆಯನ್ನು ಎಳೆಯುತ್ತದೆ, ಒಳಗೆ ಒಂದು ಹಂದಿಯ ಮೂಳೆ ಇಟ್ಟಿದ್ದಾರೆ, ಸಾವಿರ ವರ್ಷದ ಹಿಂದೆ ಕೆಸರಲ್ಲಿ ಹೊರಳಿದ ಕಾಡುಹಂದಿ ಬಿಸಿಲಿಗೆ ಒಣಗಿದಾಗ ಬೆಳ್ಳಗಾಯಿತಂತೆ, ಉಪ್ಪು, ಹಾಗೆ ಗೊತ್ತಾಯಿತಂತೆ ಕೆಳಗೇನಿದೆ ಎಂದು. ಕೊಂದುಬಿಟ್ರಾ? ಒಬ್ಬ ಹೆಂಗಸು ಕೇಳುತ್ತಾಳೆ. ಕೊಂದ್ರು. ಅಯ್ಯೋ, ಊರಿಗೇ ಅನ್ನ ತೋರಿಸಿದ ಪ್ರಾಣಿನಾ! ನಿಮ್ಮೋರಾದ್ರೆ ಬೇಯಿಸದೆ ಬಿಡ್ತಿದ್ರಾ ಹೆಲ್ಗ, ಗಂಡ ಎನ್ನುತ್ತಾನೆ, ಮತ್ತೆ ನಗು. ನಡೆಯಿರಿ ನಡೆಯಿರಿ, ಇವತ್ತು ಕಾಲು ನಿಲ್ಲುವುದಿಲ್ಲ, ಪ್ರತಿ ನಿಲುಗಡೆಯಲ್ಲೂ ಎರಡು ನಿಮಿಷ ಕದಿಯುತ್ತಿದ್ದೇನೆ, ಮೇಡಂ ಸ್ವಲ್ಪ ನಿಧಾನ, ನಮ್ಮ ಮಂಡಿಗಳೆಲ್ಲ ಗಣೀಲೇ ಉಳಿದಿವೆ. ಉಪ್ಪು ತೆಗೆದರು, ತೆಗೆದರು, ಸಾವಿರ ವರ್ಷ ಕೆಳಗಿನಿಂದ ತೆಗೆದು ಮೇಲೆ ಇಗರ್ಜಿ ಕಟ್ಟಿದರು, ಆಮೇಲೆ ಮೇಲಿದ್ದದ್ದು ಕೆಳಕ್ಕೆ ಇಳಿಯತೊಡಗಿತು, ನಿಧಾನವಾಗಿ, ಈಗಲೂ ಅಲ್ಲಲ್ಲಿ. ನಾನು ಇದನ್ನು ನಗುಬರುವ ಹಾಗೆ ಹೇಳುತ್ತೇನೆ. ನಿನ್ ಜೊತೆ ಬದುಕೋದು ಅಂದ್ರೆ ನಿನ್ ಪ್ರವಾಸಿಗಳ ಥರ ನಡೆದಂಗೆ ಅಮ್ಮಾ, ಎಲ್ಲಿ ನಿಲ್ಬೇಕು ಎಲ್ಲಿ ನೋಡ್ಬಾರ್ದು ಅಂತ ನೀನೇ ಕೊಡೆ ಹಿಡ್ಕೊಂಡು ಹೇಳ್ತೀಯ — ಹತ್ತೊಂಬತ್ತು ಆಗ ರೀಕಳಿಗೆ, ಅಡುಗೆಮನೆಯಲ್ಲಿ, ಮೂರು ವರ್ಷ ಅಪ್ಪನಿಗೆ ಬ್ರೆಮೆನ್ ಬಂದರಿನಲ್ಲಿ ಕೆಲಸ ಹೆಚ್ಚು ಎಂದು ನಾನು ಹೇಳುತ್ತಿದ್ದದ್ದು, ಅಲ್ಲಿ ಅವನಿಗೆ ಇನ್ನೊಂದು ಮನೆ, ಇನ್ನೊಬ್ಬ ಹೆಂಗಸು, ನನಗೆ ಮೊದಲ ವಾರದಿಂದಲೇ ಗೊತ್ತಿತ್ತು, ಅವಳಿಗೆ ಗೊತ್ತಾದದ್ದು ಬೇರೆಯವರ ಬಾಯಿಂದ. ನಿನಗೆ ಗೊತ್ತಿತ್ತು, ಆದ್ರೂ ಭಾನುವಾರ ಅವನ ತಟ್ಟೆ ಇಡ್ತಿದ್ದೆ. ಇಡುತ್ತಿದ್ದೆ. ಗೋಡೆ ನಿಂತಿತ್ತಲ್ಲ. ಅವಳು ಒಂದು ಚೀಲ ಹಿಡಿದು ಲೈಪ್ಜಿಗ್‌ಗೆ ಹೋದಳು, ಕ್ರಿಸ್ಮಸ್ಸಿಗೆ ಕಾರ್ಡು, ಹೆಸರು ಮಾತ್ರ.

ಈ ಮನೆಗೆ ಗರ್ಭಿಣಿ ಮನೆ ಅಂತಾರೆ, ಗೋಡೆಯ ಹೊಟ್ಟೆ ನೋಡಿ, ಗಾರೆಯ ಜಿಪ್ಸಂ ಅತಿಯಾಗಿ ಸುಟ್ಟುಹೋಗಿತ್ತು, ತೇವ ಕುಡಿದು ಕುಡಿದು ಉಬ್ಬಿತು. ಎಷ್ಟು ತಿಂಗಳೋ, ಒಬ್ಬಳು ಕೇಳುತ್ತಾಳೆ, ದಿನವೂ ಯಾರಾದರೊಬ್ಬರು ಕೇಳುತ್ತಾರೆ. ಆರೂವರೆ ತಿಂಗಳು, ರೀಕಳಿಗೆ, ಮೆಟ್ಟಿಲು ಹತ್ತುವಾಗ ಕೈ ಸೊಂಟದ ಮೇಲೆ, ಗಾಲಿಯ ತೊಟ್ಟಿಲೊಂದನ್ನು ಯಾರಿಂದಲೋ ಕೊಂಡು ತಂದಿದ್ದಾಳೆ, ಎಲ್ಲಿಡಲಿ ಎಂದು ಮೂರು ದಿನ ಕೋಣೆಯಿಡೀ ಉರುಳಿಸಿದಳು, ಕೊನೆಗೆ ಸರಿಯಾಗಿ ಆ ಪಟ್ಟಿಯ ಕೆಳಗೆ. ಇಲ್ಲಿ ಬಿಸಿಲು ಬೀಳತ್ತೆ ಅಮ್ಮಾ. ಬೀಳುತ್ತದೆ. ಆದ್ರೆ ನಿಲ್ತಾನೇ ಇಲ್ಲ, ಕಿಟಕಿ ಕಡೆಗೇ ಓಡತ್ತೆ, ನೆಲ ಓರೆ ಅಲ್ವಾ? ಈ ಊರಲ್ಲಿ ಎಲ್ಲಾ ಓರೆನೇ, ನಿಮ್ಮಪ್ಪನೂ ಸೇರಿ, ಎಂದೆ, ಅವಳು ನಕ್ಕಳು, ಹಲ್ಲು ಕಾಣುವ ಹಾಗೆ, ನಕ್ಕು ನಕ್ಕು ಹೊಟ್ಟೆ ಹಿಡಿದು ಹಾಸಿಗೆಯ ಮೇಲೆ ಕುಳಿತಳು, ಆ ನಗುವಿಗಾಗಿ ನಾನು ಇಡೀ ಊರಿಗೇ ಜಿಪ್ಸಂ ಸವರುತ್ತಿದ್ದೆ. ಗಾಲಿಗೆ ಮರದ ಚೂರೊಂದನ್ನು ಕೊಟ್ಟೆ. ಬಾಗಿಲು ಎತ್ತಿ ಹಾಕಬೇಕಾಗಿದೆ ಈಗ, ಅದರ ಕೆಳಗಂಚನ್ನೂ ನಾನೇ ಉಜ್ಜಿದೆ, ಅವಳು ಸ್ನಾನಕ್ಕೆ ಹೋದಾಗ. ಫ್ರಾವ್ ಟೋಡ ಕೂಡದು ಎಂದರೆ ಎಲ್ಲಿ ಹೋಗುತ್ತಾಳೆ, ಕೆಳಗಿನ ನನ್ನ ಕೋಣೆಯಲ್ಲಿ ಒಬ್ಬರಿಗೆ ಮಾತ್ರ ಜಾಗ, ಇಲ್ಲ ಅಮ್ಮಾ ಪರವಾಗಿಲ್ಲ ಎನ್ನುತ್ತಾಳೆ, ಆ ಚೀಲ ತೆಗೆಯುತ್ತಾಳೆ, ಕ್ರಿಸ್ಮಸ್ಸಿಗೆ ಕಾರ್ಡು, ಈ ಸಲ ಎರಡು ಹೆಸರು.

ಹನ್ನೊಂದೂವರೆ. ಕಲ್ಲುಹಾಸಿನ ಈ ಓರೆ ಬೀದಿ ಇಗರ್ಜಿಯವರೆಗೆ, ಎಡಕ್ಕೆ ಬಲಕ್ಕೆ ವಾಲಿದ ಬಾಗಿಲುಗಳು, ಗುಲಾಬಿ ಬಳ್ಳಿಗಳು, ಫೋಟೋ ತೆಗೆದುಕೊಳ್ಳಿ, ಬೇಗ ತೆಗೆದುಕೊಳ್ಳಿ. ಮೂಲೆಮನೆಯ ಹೊರಗೋಡೆಯ ಜಿಪ್ಸಂ ಪಟ್ಟಿಯ ಮುಂದೆ ನಾನು ನಿಲ್ಲುವುದಿಲ್ಲ ಇವತ್ತು, ಆದರೆ ಆ ಮುದುಕ ನಿಂತುಬಿಟ್ಟಿದ್ದಾನೆ, ಎತ್ತರದವನು, ಟೊಪ್ಪಿ, ಹೆರ್ ಗ್ರಾಬೋವ್ಸ್ಕಿ, ಬೇಕರಿಯಲ್ಲಿ ಸಿಕ್ಕಿಕೊಂಡಿದ್ದವನು ಇವನೇ, ಮೀಸೆಯಲ್ಲಿ ಇನ್ನೂ ಚೂರು. ಏ, ನೋಡ್ರೋ, ನಮ್ಮೂರಿಂದು! ಎನ್ನುತ್ತಾನೆ. ಗಣಿ ಕೆಳಗಿಂದ ಹೋದ ಮನೆಗಳಿಗೆಲ್ಲ ನಮ್ಮಲ್ಲೂ ಇದೇ ಮೆತ್ತೋರು ಹುಡುಗಿ — ಹುಡುಗಿ ಎನ್ನುತ್ತಾನೆ ನನಗೆ, ಐವತ್ನಾಲ್ಕಕ್ಕೆ — ನಮ್ಮತ್ತೆ ಇದ್ಳಲ್ಲ, ಅಡುಗೆಮನೆ ಬಿಟ್ಟು ಹೋಗಲ್ಲ ಅಂತ ಹಟ, ಪಟ್ಟಿ ಬಿರುಕು ಬಿಟ್ಟಾಗೆಲ್ಲ ಹಲ್ಲುಪುಡೀನೂ ಮೈದಾನೂ ಕಲಸಿ ತುಂಬ್ತಿದ್ಳು. ಆಮೇಲೆ? ಆಮೇಲೇನು, ಒಂದು ದಿನ ಬಾಗಿಲೇ ತೆಗೀಲಿಲ್ಲ, ಕಿಟಕಿಯಿಂದ ಇಳಿಸಿದ್ವಿ, ನಾಲ್ಕು ಜನ, ಇಳಿಯೋವರೆಗೂ ಬೈತಿದ್ಳು, ಹುಷಾರು ಗ್ಲಾಸು ಒಡೀಬೇಡ್ರೋ ಅಂತ! ಗುಂಪು ಬಿದ್ದು ಬಿದ್ದು ನಗುತ್ತದೆ, ಹೆಲ್ಗ ಕಣ್ಣೊರೆಸಿಕೊಳ್ಳುತ್ತಾಳೆ, ನಾನೂ ನಗುತ್ತೇನೆ. ಅವನು ಬೆರಳನ್ನು ಪಟ್ಟಿಯ ಮೇಲೆ ಒತ್ತುತ್ತಾನೆ. ಇದು ಹಳೇದು. ಗೋಡೆ ಥರಾನೇ ಇದೆ. ಹೊಸದಾದ್ರೆ ವಾರಗಟ್ಟಲೆ ತಣ್ಣಗಿರತ್ತೆ, ಕಪ್ಪೆ ಹೊಟ್ಟೆ ಥರ, ಕಣ್ಣಿಗೆ ಮೋಸ ಮಾಡಬಹುದು, ಬೆರಳಿಗೆ ಆಗಲ್ಲ. ಮತ್ತೆ ನೀವು ಸುಮ್ನಿದ್ರಾ, ಅತ್ತೆಗೆ ಏನೂ ಹೇಳ್ಲಿಲ್ವಾ, ಯಾರ ಸ್ವರ ಅದು, ನನ್ನದೇ. ಹೇಳೋಕಾಗತ್ತಾ ಅವಳಿಗೆ? ಮಕ್ಕಳನ್ನ ಆ ಗೋಡೆ ಪಕ್ಕ ಮಲಗಿಸ್ತಿರಲಿಲ್ಲ, ಅಷ್ಟೇ.

ಅಷ್ಟೇ. ಅಷ್ಟೇ ಎಂದನು, ನಡೆದನು, ಎಲ್ಲರೂ ನಡೆದರು, ಇಗರ್ಜಿಯೊಳಗೆ ವಾಲಿದ ಕಂಬಗಳ ಬಗ್ಗೆ ನಾನು ಏನು ಹೇಳಿದೆನೋ, ಹೇಳಿದ್ದೇನೆ, ಬಾಯಿ ಹೇಳಿದೆ — ರೀಕ ಹುಟ್ಟಿದಾಗ ಹಣೆಗೆ ಒಂದೇ ಒಂದು ಕೂದಲು ಅಂಟಿತ್ತು, ಒದ್ದೆ, ಕಪ್ಪು, ದಾದಿ ಒರೆಸಿದರೂ ಹೋಗಲಿಲ್ಲ, ನನ್ನ ಬೆರಳಿನಿಂದ ತೆಗೆಯಹೋದೆ, ಅವಳದೇ ಕೂದಲು, ಬುಡ ಇತ್ತು, ಅತ್ತಳು. ಮುಗಿಯಿತು, ನಮಸ್ಕಾರ, ಬಂದದ್ದಕ್ಕೆ ಸಂತೋಷ, ಸಾಸಿವೆ ಸಾಸಿನ ಮೀನು ಎಡಗಡೆಯ ಹೋಟೆಲಿನಲ್ಲಿ ಚೆನ್ನಾಗಿರುತ್ತದೆ. ಗ್ರಾಬೋವ್ಸ್ಕಿ ಕೈ ಕುಲುಕುತ್ತಾನೆ, ಬಿಡುವುದಿಲ್ಲ, ಬೆರಳು ತಿರುಗಿಸಿ ನೋಡುತ್ತಾನೆ, ನನ್ನ ಮುಖ ನೋಡುವುದಿಲ್ಲ, ಬ್ರಶ್ಶಲ್ಲಿ ಉಜ್ಜಿದ್ರೆ ಹೋಗತ್ತೆ ಹುಡುಗಿ, ಎನ್ನುತ್ತಾನೆ, ಹೆಂಡತಿಯ ಚೀಲದಿಂದ ಪುಟ್ಟ ಬಾಟಲಿಯೊಂದನ್ನು ತೆಗೆದು ನನ್ನ ಕೋಟಿನ ಜೇಬಿಗೆ ಹಾಕುತ್ತಾನೆ. ಓಡುತ್ತೇನೆ. ಇಗರ್ಜಿಯ ಹಿಂದಿನ ಇಳಿಜಾರು, ಮೂರನೆಯ ಮನೆ, ಗೋಡೆಗೊರಗಿದ ಹಸಿರು ಸೈಕಲ್, ಅವರು ಆಗಲೇ ಬಂದಿದ್ದಾರೆ, ಗಂಟೆ ಇನ್ನೂ ಹೊಡೆದಿಲ್ಲ, ಮೆಟ್ಟಿಲುಗಳು, ಕೊಡೆ ಇನ್ನೂ ಎತ್ತಿ ಹಿಡಿದೇ ಹತ್ತುತ್ತಿದ್ದೇನೆ, ಯಾರು ಹಿಂದೆ ಬರಲೆಂದು.

ಬಾಗಿಲು ತೆರೆದಿದೆ. ಫ್ರಾವ್ ಟೋಡ ತೊಟ್ಟಿಲಿನ ಈಚೆ ನಿಂತು ಟಾರ್ಚು ಹಾಯಿಸುತ್ತಿದ್ದಾರೆ. ತೊಟ್ಟಿಲು ಸರಿಸ್ಲಾ? ರೀಕ ಕೇಳುತ್ತಾಳೆ. ಬೇಡಮ್ಮಾ, ನೀನು ಬಗ್ಗಬೇಡ, ಇಲ್ಲಿಂದ್ಲೇ ಕಾಣ್ತಿದೆ, ಒಂದು ಗೆರೆನೂ ಇಲ್ಲ. ಓ ಫ್ರಾವ್ ಲ್ಯೂರ್ಸ್, ಬಂದ್ರಾ, ನಿಮ್ಮ ಗೋಡೆ ಚಿನ್ನದಂಥದು, ಪಕ್ಕದ ಮನೇಲಿ ಮೂರೂ ಪಟ್ಟಿ ಹೋಗಿವೆ. ಕನ್ನಡಕ ಕೆಳಗೆ ಬಿಟ್ಟರು, ಪೆನ್ನು ತೆಗೆದರು. ಕೇಳಿದ್ಯಾ ಅಮ್ಮಾ, ರೀಕ, ತೊಟ್ಟಿಲಿನ ಅಂಚಿನ ಮೇಲೆ ಕೈ, ಬಿಸಿಲು ಅವಳ ಕೈಮೇಲೆ, ಎಲ್ಲ ಇದೆ, ಎಲ್ಲ ನಿಂತಿದೆ, ನಾನು ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ನನಗೆ ಗೊತ್ತು, ಭಾನುವಾರದ ತಟ್ಟೆಗಳು — ಪೆನ್ನು ಕಾಗದಕ್ಕೆ ತಾಗುತ್ತಿದೆ. ಕೈ ತೆಗಿ ರೀಕ. ಏನಮ್ಮಾ? ಒಂದ್ನಿಮಿಷ ಕೈ ತೆಗಿ. ಬಗ್ಗಿ ಗಾಲಿಯ ಕೆಳಗಿನ ಮರದ ಚೂರು ಎಳೆದೆ, ತೊಟ್ಟಿಲು ಹೊರಟಿತು, ಯಾರೂ ತಳ್ಳಲಿಲ್ಲ, ಹಲಗೆಯ ಮೇಲೆ ಗರಗರ ಎನ್ನುತ್ತಾ ಕಿಟಕಿಯವರೆಗೆ ಹೋಗಿ ಗೋಡೆಗೆ ಬಡಿದು ನಿಂತಿತು. ಮುಟ್ಟಿ ನೋಡಿ ಫ್ರಾವ್ ಟೋಡ. ಏನನ್ನ? ಅದನ್ನ, ನಿಮ್ಮದಲ್ಲ ಅದು, ನಾನು ಸವರಿದ್ದು, ಎರಡು ಸಲ. ಅವರು ಬೆರಳು ಇಟ್ಟರು. ಕೂಡಲೇ ತೆಗೆದರು. ನಾನು ಬೀಗದ ಕೈಯಿಂದ ಕೆರೆಯುತ್ತಿದ್ದೇನೆ, ಬಿಳಿ ಸಿಪ್ಪೆ ಸಿಪ್ಪೆಯಾಗಿ ನೆಲಕ್ಕೆ, ನನ್ನ ಒಂಬತ್ತು ಹೋಯಿತು, ನನ್ನ ನಾಲ್ಕು ಹೋಯಿತು, ನಿನಗೆ ಯಾವಾಗ್ಲಿಂದ ಗೊತ್ತಿತ್ತು, ರೀಕ ಕೇಳುತ್ತಾಳೆ, ಹಿಂದಿನಿಂದ, ಕೂಗುತ್ತಿಲ್ಲ, ನೀನು ಫೋನ್ ಮಾಡಿದ ಗಳಿಗೆಯಿಂದ, ಎನ್ನುತ್ತೇನೆ, ತಿರುಗುವುದಿಲ್ಲ, ಅವಳ ಹೆಜ್ಜೆಯ ಸದ್ದು ಬಾಗಿಲ ಕಡೆಗೋ ನನ್ನ ಕಡೆಗೋ ತಿಳಿಯುತ್ತಿಲ್ಲ, ಕೆರೆಯುತ್ತಿದ್ದೇನೆ, ಕೆಳಗಿನ ಹಳೆಯ ಪಟ್ಟಿ ಬಂತು, ಉದ್ದ ಮೂಗಿನ ಒಂದು, ನಾಲ್ಕರ ಪಕ್ಕ ಅದು, ಬುಡವೂ ಇಲ್ಲದ, ತುದಿಯೂ ಇಲ್ಲದ, ಬೆರಳಿಗೆ ಬಾರದ, ಬಿಳಿಯ ಮೇಲೆ ಅಂಟಿಕೊಂಡ, ಒಂದು ಕಪ್ಪು ಕೂದಲು, ಒಂದು ಕೂದಲು.